ಮನೆ ನೋಡಿ ಎಬ್ಬಿಸಲಾಗುವುದು

ಆ ಹುಡುಗಿ ನನ್ನ ಅಂಗಡಿಗೆ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಕೈಯಲ್ಲಿ ಒಂದು ಹಾಳೆ, ಹಾಳೆಯ ತುಂಬ ಒಂದೇ ವಾಕ್ಯ. ನಾನು ಶಹಾಪುರದಲ್ಲಿ ಗೋಡೆ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ನಮ್ಮ ಕಡೆಯ ಪೇಂಟರುಗಳೆಲ್ಲ ಕುಂಚ ತೊಳೆದು ಅಟ್ಟಕ್ಕೆ ಹಾಕಿ ಟಂಟಂ ಆಟೋ ಓಡಿಸುತ್ತಿದ್ದರು. ನಾನೊಬ್ಬನೇ ಹಟಕ್ಕೆ ಬಿದ್ದು ಅಂಗಡಿ ತೆರೆದು ಕೂರುತ್ತಿದ್ದೆ. ಕೆಲಸವಿಲ್ಲದ ದಿನ ಸ್ವಂತ ಅಂಗಡಿಯ ಬೋರ್ಡನ್ನೇ ಅಳಿಸಿ ಮತ್ತೆ ಬರೆಯುತ್ತಿದ್ದೆ. ಅದನ್ನು ನೋಡಿ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಕಾಕಾ, ನಾಕು ಊರಾಗ ಗ್ವಾಡಿ ಬರೀಬೇಕ್ರಿ," ಎಂದಳು ಹುಡುಗಿ. "ಫ್ಲೆಕ್ಸ್ ಬ್ಯಾಡ. ಕೈಲೆ ಬರದದ್ದ ಬೇಕು."

ಆ ಒಂದು ಮಾತಿಗೇ ನಾನು ಎದ್ದು ಕುರ್ಚಿ ಒರೆಸಿ ಕೂರಿಸಿದೆ. ಕೆಂಭಾವಿಯವಳಂತೆ. ಕಲಬುರಗಿಯಲ್ಲಿ ಚಿತ್ರಕಲೆ ಓದಿ, ದೊಡ್ಡ ಶಹರಗಳಲ್ಲಿ ಪ್ರದರ್ಶನ ಮಾಡಿ ಬಂದ ಕಲಾವಿದೆ. ನಮ್ಮ ಭಾಗದಲ್ಲಿ ಮಾಡುವುದು ಇದೇ ಮೊದಲು. ಶಹಾಪುರದ ಹೊರಗೆ ಕಾಲುವೆ ಇಲಾಖೆಯವರ ಕ್ಯಾಂಪಿನಲ್ಲಿ ಒಂದು ಹಳೆಯ ಗೋದಾಮು ಇದೆ. ಕಾಲುವೆ ತೋಡುವ ಕಾಲಕ್ಕೆ ಅಲ್ಲಿ ಸಿಮೆಂಟ್ ಚೀಲ ಇಡುತ್ತಿದ್ದರು, ಈಗ ಪಾರಿವಾಳ ಇರುತ್ತವೆ. ಕ್ಯಾಂಪಿನ ಇಂಜಿನಿಯರ್ ಸಾಹೇಬರ ಹಿಂದೆ ತಿಂಗಳುಗಟ್ಟಲೆ ಅಲೆದು, ಒಂದು ವಾರದ ಮಟ್ಟಿಗೆ ಅದರ ಕೀಲಿಕೈ ಪಡೆದಿದ್ದಳು. ಸಾಹೇಬರ ಷರತ್ತು ಒಂದೇ: ಗದ್ದಲ ಆಗಕೂಡದು. ಒಂದು ದೂರು ಬಂದರೂ ಅದೇ ದಿನ ಬೀಗ.

ನಾನು ಹಾಳೆ ಓದಿದೆ. "'ಮನೆ' ನೋಡಿ. ಇದು ನೋಡುಗರನ್ನು ಅವರು ನಿಶ್ಚಿಂತೆಯಿಂದ ಕೂತ ನೆಲೆಯಿಂದ ಎಬ್ಬಿಸುವ ಭರವಸೆ ನೀಡುವ ಸಮಕಾಲೀನ ಕಲಾ ಪ್ರದರ್ಶನ."

"ಏನವ್ವಾ ಇದು! ಇಷ್ಟು ಬರೀಬೇಕಂದ್ರ ಗ್ವಾಡಿ ಸಾಲಂಗಿಲ್ಲ. ಕಾಲಿವಿ ದಂಡಿ ಗುಂಟ ಬರಕೊಂತ ಹೋಗಬೇಕು."

ಅವಳು ನಕ್ಕಳು. ನನಗೂ ಹುರುಪು ಬಂತು. "ಸಮಕಾಲೀನ ಅಂದ್ರೇನು?"

"ಈಗಿನ ಕಾಲದ್ದು ಕಾಕಾ."

"ಈಗ ಮಾಡಿದ್ದು ಈಗಿನ ಕಾಲದ್ದ ಇರ್ತದ. ಅದನ್ನ ಮತ್ತ ಬರದು ತಿಳಿಸಬೇಕೇನು? ಹೋಗ್ಲಿ. ಎಬ್ಬಸೋದು ಅಂದ್ರ?"

"ನೋಡಿದವ್ರ ಮನಸು ಅಲ್ಲಾಡಬೇಕ್ರಿ. ಆರಾಮ ಒರಗಿ ಕುಂತಾವ್ರು ನೆಟ್ಟಗ ಎದ್ದು ಕೂಡಬೇಕು."

ಆಮೇಲೆ ಚಹಾ ಕುಡಿಯುತ್ತ ಅಸಲು ವಿಷಯ ಹೇಳಿದಳು. 'ಮನೆ' ಎಂದರೆ ಅವಳ ತಾಯಿಯ ತವರುಮನೆ. ಸುರಪುರದ ಆಚೆ ಹೊಳೆದಂಡೆಯ ಊರು ಅದು. ಆಣೆಕಟ್ಟಿಗೆ ನೀರು ನಿಂತಾಗ ಊರಿಗೆ ಊರೇ ಮುಳುಗಡೆಯಾಯಿತು. ಆಗ ತಾಯಿಗೆ ಐದು ವರ್ಷ. ತಾಯಿ ಹೇಳಿದ ನೆನಪಿನ ಮೇಲೆ ಆ ಮನೆಯನ್ನು ಗೋದಾಮಿನ ನೆಲದ ಮೇಲೆ ಇದ್ದಷ್ಟೇ ಅಳತೆಯಲ್ಲಿ ಸುಣ್ಣದ ಗೆರೆಯಲ್ಲಿ ಬರೆಯುವುದು. ಅಷ್ಟೇ ಪ್ರದರ್ಶನ, ಗೋಡೆಗೆ ಒಂದು ಚಿತ್ರವೂ ಇಲ್ಲ. ಸೋಮವಾರ ಉದ್ಘಾಟನೆ. ತಾಯಿ ಕೆಂಭಾವಿಯಲ್ಲಿ ಬಟ್ಟೆ ಹೊಲಿಯುವವರು, ಸೋಮವಾರ ಯಾರದೋ ಲಗ್ನದ ಕುಪ್ಪಸಗಳನ್ನು ಕೊಡಬೇಕು, ಅದಕ್ಕೇ ಮಂಗಳವಾರ ಬರುತ್ತಾರೆ.

"ನಾ ಮಾಡಿದ್ದು ಒಂದೂ ನೋಡಿಲ್ರಿ ನಮ್ಮವ್ವ," ಎಂದಳು. "ಇದೊಂದು ನೋಡಿದ್ರ ಸಾಕು ನನಗ."

ಗೋಡೆ ಬರೆಯುವುದಕ್ಕೆ ಒಂದು ಕ್ರಮ ಇದೆ. ಮೊದಲು ನಾರಿನಿಂದ ಧೂಳು ಉಜ್ಜಿ, ಎರಡು ಕೈ ಸುಣ್ಣ ಹೊಡೆದು ಒಣಗಲು ಬಿಡಬೇಕು. ಆಮೇಲೆ ದಾರಕ್ಕೆ ನೀಲಿ ಹಚ್ಚಿ ಎರಡೂ ತುದಿ ಬಿಗಿಹಿಡಿದು ನಡುವೆ ಎಳೆದು ಬಿಟ್ಟರೆ ಚಿಟ್ಟೆಂದು ನೇರ ಗೆರೆ ಬೀಳುತ್ತದೆ. ಅಕ್ಷರ ಎಣಿಸಿ, ನಡುವಿನ ಅಕ್ಷರವನ್ನು ಗೋಡೆಯ ನಡುವಿಗೆ ಇಟ್ಟು, ಅಲ್ಲಿಂದ ಎರಡೂ ಕಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಕನ್ನಡದ ಗೋಡೆಗೆ ಇನ್ನೊಂದು ತಾಪತ್ರಯ ಒತ್ತಕ್ಷರದ್ದು. ಕೆಳಗೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ.

ಗುರುವಾರ ಸಗರದಲ್ಲಿ ಮೊದಲ ಗೋಡೆ. ಒಳ್ಳೆಯ ಜಾಗ, ಬಸ್ ನಿಲ್ಲುವ ಕಟ್ಟೆಯ ಎದುರೇ. ಆದರೆ ಗೋಡೆಯ ನಟ್ಟನಡುವೆ ಒಂದು ಕಿಟಕಿ. ಹಾಳೆಯ ವಾಕ್ಯವನ್ನು ಹೇಗೆ ಮಡಚಿದರೂ ಕಿಟಕಿಗೆ ತಾಗುತ್ತಿತ್ತು. ಕಲಾವಿದೆಗೆ ಫೋನ್ ಹಚ್ಚಿದೆ. ಅವಳು ಗೋದಾಮಿನ ತಗಡಿನ ಕೆಳಗೆ ಪಾರಿವಾಳ ಓಡಿಸುತ್ತಿದ್ದಳು, ಫೋನ್ ಹತ್ತಲಿಲ್ಲ. ಸುಣ್ಣ ಒಣಗಿತ್ತು, ಬಿಸಿಲು ಏರಿತ್ತು. ಗೋಡೆಯ ಮುಂದೆ ಕುಂಚ ಹಿಡಿದು ನಿಂತ ಪೇಂಟರನಿಗಿಂತ ದೊಡ್ಡ ಪಂಡಿತ ಯಾರಿದ್ದಾರೆ! ನಾನೇ ಕತ್ತರಿಸಲು ಕೂತೆ.

ಸಮಕಾಲೀನ ಹೋಯಿತು. ಭರವಸೆ ಹೋಯಿತು. ನಿಶ್ಚಿಂತೆಯೂ ನೆಲೆಯೂ ಹೋದವು. ನೋಡುಗರೂ ಹೋದರು, ಓದುವವನೇ ನೋಡುಗ ತಾನೇ ಎಂದುಕೊಂಡೆ. 'ಎಬ್ಬಿಸುವ' ಎಂಬುದು ಒಂಟಿಯಾಗಿ ನಿಂತು ಬೋಳುಬೋಳಾಗಿ ಕಂಡಿತು. ಮೂವತ್ತು ವರ್ಷ ಗೋಡೆಗಳ ಮೇಲೆ 'ದಂಡ ವಿಧಿಸಲಾಗುವುದು', 'ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದ ಕೈ ನನ್ನದು. ಕೈಗೆ ತಾನಾಗಿಯೇ ತೋಚಿತು. ಕಿಟಕಿಯ ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು:

ಮನೆ ನೋಡಿ
ಎಬ್ಬಿಸಲಾಗುವುದು

ಚುಕ್ಕಿ ಇಡಲಿಲ್ಲ. ಗೋಡೆಗೆ ಚುಕ್ಕಿ ಇಟ್ಟರೆ ಬಣ್ಣ ಸಿಡಿದಂತೆ ಕಾಣುತ್ತದೆ, ನಮ್ಮ ಕಸುಬಿನಲ್ಲಿ ಯಾರೂ ಇಡುವುದಿಲ್ಲ. ಕೆಳಗೆ 'ಕಾಲುವೆ ಕ್ಯಾಂಪ್ ಗೋದಾಮು, ಸೋಮವಾರ ಬೆಳಿಗ್ಗೆ ೧೦'. ಇಷ್ಟೂ ಕೆಂಪು. ಇನ್ನೂ ಕೆಳಗೆ ಹಳದಿಯಲ್ಲಿ ಸಣ್ಣಕ್ಕೆ 'ಕಲಾ ಪ್ರದರ್ಶನ', ಮೂಲೆಯಲ್ಲಿ ನನ್ನ ಮೊಬೈಲ್ ನಂಬರು. ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಂಥ ಚೆಂದದ 'ಎ' ನಾನು ಆ ವರ್ಷ ಬರೆದೇ ಇರಲಿಲ್ಲ. ಅದೇ ಖುಷಿಯಲ್ಲಿ ಶುಕ್ರವಾರ ಬಳಿಚಕ್ರದಲ್ಲಿ, ಶನಿವಾರ ಸುರಪುರದ ರಸ್ತೆಯಲ್ಲಿ, ಅದೇ ಸಂಜೆ ಮುಳುಗಡೆಯವರನ್ನು ತಂದು ಕೂರಿಸಿದ ಹೊಸೂರಿನಲ್ಲಿ ಅದನ್ನೇ ಬರೆದೆ. ಆ ಮೂರು ಗೋಡೆಗಳಿಗೆ ಕಿಟಕಿ ಇರಲಿಲ್ಲ. ಆದರೂ ಚೆಂದ ಬಂದದ್ದನ್ನು ಯಾಕೆ ಬದಲಿಸಬೇಕು?

ಭಾನುವಾರ ಗೋದಾಮಿನ ಕೆಲಸ. ಸುಣ್ಣಕ್ಕೆ ಜಾಲಿ ಅಂಟು ಕಲಸಿ, ಎರಡು ಬೆರಳಗಲದ ಗೆರೆ ಎಳೆಯಬೇಕು. ಕಲಾವಿದೆ ಅಳತೆ ಹೇಳುತ್ತಿದ್ದಳು, ನಾನು ದಾರ ಹೊಡೆದು ಬರೆಯುತ್ತಿದ್ದೆ. ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ, ಪಶ್ಚಿಮಕ್ಕೆ ತಲೆಬಾಗಿಲು. ಬಾಗಿಲಿದ್ದ ಕಡೆ ಗೆರೆ ಬಿಟ್ಟು ಖಾಲಿ ಜಾಗ. ಮುಗಿದ ಮೇಲೆ ಸೊಂಟ ನೆಟ್ಟಗೆ ಮಾಡಿ ನೋಡಿದೆ.

"ಅವ್ವಾ, ಸಿಟ್ಟಾಗಬ್ಯಾಡ. ಪಾಯಾ ತೋಡೋಕಿಂತ ಮೊದಲ ಮೇಸ್ತ್ರಿ ಹಿಂಗ ಸುಣ್ಣ ಹಾಕ್ತಾನ. ಅವಂಗ ಯಾರೂ ಕಲಾವಿದ ಅನ್ನಂಗಿಲ್ಲ."

"ಖರೇ ಕಾಕಾ," ಎಂದು ನಕ್ಕಳು. "ಮೇಸ್ತ್ರಿ ಮನಿ ಬರೋಕ್ಕಿಂತ ಮೊದಲ ಹಾಕ್ತಾನ. ಮನಿ ಹೋದ ಮ್ಯಾಲ ನಾವು ಹಾಕಾಕತ್ತೇವಿ."

ಮಧ್ಯಾಹ್ನ ಇಂಜಿನಿಯರ್ ಸಾಹೇಬರು ಒಮ್ಮೆ ಇಣುಕಿದರು. ನಮ್ಮ ಕಡೆಯವರೇ, ಆರಡಿ ಎತ್ತರದ ಆಳು, ಮಾತು ಕಡಿಮೆ. ಬೂಟು ಹಾಕಿಕೊಂಡೇ ಆ ಪಶ್ಚಿಮದ ಖಾಲಿ ಜಾಗದಿಂದ ಒಳಗೆ ಬಂದು, ಪಡಸಾಲೆಯ ನಡುವೆ ನಿಂತು, ಸುತ್ತ ನೋಡಿ, "ಚಿತ್ರ ನಾಳಿ ತರ್ತೀರೇನು?" ಎಂದು ಕೇಳಿ ಹೋದರು. ಹುಡುಗಿಯ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ನಗು.

ಆ ನಗು ಸಂಜೆಯ ಚಹಾದ ತನಕ ಇತ್ತು. ಮನೆಗೆ ಬಂದು ಕೂತಿದ್ದೆ, ಫೋನ್ ಬಂತು. ಸಗರದ ರೈತರೊಬ್ಬರು. "ಪೇಂಟರ್ ಸಾಬ್, ಯಾವ ಸರ್ವೇ ನಂಬರಿನಿಂದ ಎಬ್ಬಸ್ತಾರ್ರಿ?" ಚೇಷ್ಟೆಗೆ ಕೇಳುತ್ತಿದ್ದಾರೆಂದು, "ಒಂದನೇ ನಂಬರಿನಿಂದ ಎಲ್ಲಾರನ್ನೂ ಎಬ್ಬಸ್ತಾರ್ರಿ, ಬರ್ರಿ ಬರ್ರಿ," ಎಂದು ಫೋನಿಟ್ಟೆ. ಇನ್ನೊಂದು ಬಂತು. ಮತ್ತೊಂದು. ಒಬ್ಬರು ಪಹಣಿ ಸಾಕೋ, ಮನೆ ಪಟ್ಟಿಯ ರಸೀದಿಯೂ ಬೇಕೋ ಎಂದು ಕೇಳಿದರು. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು. ಅವಳು ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿದವಳು. ಏನು ಬರೆದು ಬಂದಿರಿ ಹೇಳಿ ಎಂದಳು. ಹೇಳಿದೆ. ಹಣೆ ಬಡಿದುಕೊಂಡಳು.

"ಘರ್ ದೇಖ್ಕೋ ಉಠಾ ದೇತೇ ಬೋಲ್ಕೋ ಲಿಖ್ಕೋ ಆಯೇ ನಾ ಜೀ ತುಮೇ!"

ಮನೆ ನೋಡಿಕೊಂಡು ಎಬ್ಬಿಸಿಬಿಡುತ್ತಾರೆ ಎಂದು ಬರೆದು ಬಂದಿರಲ್ಲ ಎಂದು ನಮ್ಮ ಮನೆಮಾತಿನಲ್ಲಿ ಅವಳ ಬಾಯಿಂದ ಕೇಳಿದಾಗ ನನಗೆ ಕಂಡಿತು. 'ಮನೆ ನೋಡಿ' ಎಂದು ನಾನು ಕರೆದಿದ್ದೆ. ಓದಿದವರಿಗೆ ಅದು, ಮನೆಗಳನ್ನು ಒಂದೊಂದಾಗಿ ನೋಡಿ, ಗುರುತು ಮಾಡಿ, ಎಬ್ಬಿಸುತ್ತಾರೆ ಎಂದಾಗಿತ್ತು. ನಮ್ಮ ಕಡೆ 'ಎಬ್ಬಿಸು' ಅಂದರೆ ನಿದ್ದೆಯಿಂದ ಅಲ್ಲ, ಊರಿನಿಂದ. ಸಾಲದ್ದಕ್ಕೆ ಕಾಲುವೆ ಇಲಾಖೆಯ ಗೇಟಿನ ನಂಬರುಗಳು, 'ಇಲ್ಲಿ ಈಜಬಾರದು', 'ಒತ್ತುವರಿ ತೆರವುಗೊಳಿಸಲಾಗುವುದು' ಎಲ್ಲ ಬರೆದದ್ದು ಇದೇ ಕೈ, ಇದೇ ಕೆಂಪು. ನನ್ನ ಅಕ್ಷರ ಅಂದರೆ ಈ ಭಾಗದಲ್ಲಿ ಸರ್ಕಾರದ ಅಕ್ಷರ. ಸುಣ್ಣದ ಮೇಲಿನ ಹಳದಿ 'ಕಲಾ ಪ್ರದರ್ಶನ' ಬಿಸಿಲಿಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಳದಿ ಕಾಣುವುದಿಲ್ಲ ಎಂದು ನನ್ನ ಉಸ್ತಾದರು ಮೊದಲ ದಿನವೇ ಹೇಳಿಕೊಟ್ಟಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಮವಾರ ಒಂಬತ್ತಕ್ಕೆ ಕ್ಯಾಂಪ್ ಮುಟ್ಟಿದರೆ ಗೋದಾಮಿನ ಮುಂದೆ ಜನವೋ ಜನ. ಎರಡು ಟ್ರ್ಯಾಕ್ಟರು, ನಾಲ್ಕು ಟಂಟಂ. ಎಲ್ಲರ ಬಗಲಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಾಗದಪತ್ರ. ಕಲಾವಿದೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ತನ್ನ ಪ್ರದರ್ಶನಕ್ಕೆ ಇಷ್ಟು ಜನ ಬಂದಿದ್ದಾರೆಂದು ಮೊದಲು ಹಿಗ್ಗಿದಳಂತೆ. ಆಮೇಲೆ ಒಬ್ಬರು ಪಹಣಿ ಕೈಗೆ ಕೊಟ್ಟರಂತೆ.

ಹೊಸೂರಿನ ಟ್ರ್ಯಾಕ್ಟರಿನಿಂದ ಒಬ್ಬ ಅಜ್ಜಿಯನ್ನು ಇಬ್ಬರು ಹಿಡಿದು ಇಳಿಸಿದರು. ಇಳಿದದ್ದೇ ಕೋಲು ನೆಲಕ್ಕೆ ಕುಟ್ಟಿ ಶುರು ಮಾಡಿದಳು. "ಎಲ್ಲಿ ಅದಾನ ಬರದಾಂವ? ಒಮ್ಮಿ ಎಬ್ಬಿಸಿದ್ದು ಸಾಲಲಿಲ್ಲೇನು ನಿಮಗ? ಇನ್ನೊಮ್ಮಿ ಏಳಬೇಕಂದ್ರ ನನ್ನ ಮಣಕಾಲು ನನ್ನ ಮಾತ ಕೇಳಂಗಿಲ್ಲ!"

ಬಳಿಚಕ್ರದಿಂದ ಬಂದ ಅಣ್ಣತಮ್ಮಂದಿರಿಬ್ಬರು ಮಾತ್ರ ಮದುವೆಗೆ ಬಂದವರಂತೆ ಇಸ್ತ್ರಿ ಅಂಗಿ ತೊಟ್ಟು ನಗುತ್ತಿದ್ದರು. ಅವರ ಊರಿಗೆ ಕಾಲುವೆಯೇ ಇಲ್ಲ, ಮಳೆ ಬಂದರೆ ಬೆಳೆ. ಎಬ್ಬಿಸುತ್ತಾರೆ ಎಂದರೆ ಕಾಲುವೆ ಬರುತ್ತದೆ ಎಂದು ಲೆಕ್ಕ ಹಾಕಿದ್ದರು. "ನಮ್ಮ ಮನಿ ಬೇಕಾದ್ರ ಇವತ್ತ ಎಬ್ಬಸ್ರಿ ಸಾಬ್, ಅಡ್ಡಿಲ್ಲ. ನೀರು ಯಾವಾಗ ಬಿಡ್ತೀರಿ?" ಎಂದು ಅಣ್ಣ ನನ್ನ ಕೈ ಹಿಡಿದ.

ಕ್ಯಾಂಪಿನ ಚೌಕಿದಾರ ಅಷ್ಟರಲ್ಲಿ ಸಾಹೇಬರಿಗೆ ಫೋನ್ ಮಾಡಿ ಆಗಿತ್ತು. ಅವರು ಯಾದಗಿರಿಯಲ್ಲಿ ಮೀಟಿಂಗಿನಲ್ಲಿದ್ದರು. ನಾಲ್ಕಕ್ಕೆ ಬರುತ್ತೇನೆ, ಬೀಗ ತಯಾರಿಡು ಎಂದರಂತೆ. ಚೌಕಿದಾರ ಬೀಗಕ್ಕೆ ಎಣ್ಣೆ ಬಿಡುತ್ತ ಕೂತ.

ಹುಡುಗಿ ನನ್ನನ್ನು ಬದಿಗೆ ಕರೆದಳು. "ಕಾಕಾ, ನಾ ಕೊಟ್ಟ ಹಾಳ್ಯಾಗ ಇದ್ದದ್ದ ಬರದೀರಿಲ್ಲೋ?"

ಇಲ್ಲ ಎಂದೆ. ಕಿಟಕಿಯ ಕಥೆ ಹೇಳಿದೆ. ಮಿಕ್ಕ ಮೂರು ಗೋಡೆಗೆ ಕಿಟಕಿ ಇರಲಿಲ್ಲ ಎಂಬುದನ್ನೂ ಹೇಳಿದೆ. ಅವಳ ಕಣ್ಣು ಕೆಂಪಾದವು. "ಆರು ತಿಂಗಳ ಕೆಲಸರಿ ನಂದು. ನಾಳಿ ನಮ್ಮವ್ವ ಬಂದು ಬೀಗ ನೋಡಿ ಹೋಗ್ಬೇಕೇನು? ಹೋಗ್ಲಿ, ನಾನ ಹಾಕ್ತೀನಿ ಬೀಗ. ಎಲ್ಲಾರನ್ನೂ ಮನಿಗೆ ಕಳಸ್ರಿ," ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಕಳಿಸುವುದಾ? ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದ ಜನ ಬರಿಗೈಯಲ್ಲಿ ವಾಪಸ್ ಹೋದರೆ ದೂರು ಒಂದಲ್ಲ, ಊರಿಗೊಂದು ಆಗುತ್ತದೆ. ನನ್ನ ತಲೆಗೆ ಹೊಳೆದದ್ದು ಒಂದೇ. ಖಾಲಿ ಡಾಂಬರಿನ ಡ್ರಮ್ಮು ಉರುಳಿಸಿ ತಂದು ಹತ್ತಿ ನಿಂತೆ.

"ಬರದಾಂವ ನಾನ್ರಿ! ತಪ್ಪು ನಂದು. ಯಾರನ್ನೂ ಎಬ್ಬಸಂಗಿಲ್ಲ. ಈ ಅವ್ವ ಒಂದು ಮನಿ ಬರದಾಳ, ಅದನ್ನ ನೋಡ್ರಿ ಅಂತ ಕರೀಬೇಕಾಗಿತ್ತು. ನನ್ನ ಗ್ವಾಡಿಗೆ ಕಿಟಕಿ ಬಂತು, ನನ್ನ ಬುದ್ಧಿಗೆ ಮಂಕು ಬಂತು. ಹೊಡಿಯೋರು ಈಗ ಹೊಡೀರಿ!"

ಸಗರದ ರೈತ ಮುಂದೆ ಬಂದರು. "ಖರೇ ಎಬ್ಬಸಂಗಿಲ್ಲ?"

"ಇಲ್ರಿ."

"ಬರದು ಕೊಡು."

ಕೆಂಪು ಡಬ್ಬಿ ತಂದು ಗೋದಾಮಿನ ಬಾಗಿಲ ಮೇಲೆ ಬರೆದೆ: 'ಯಾರನ್ನೂ ಎಬ್ಬಿಸಲಾಗುವುದಿಲ್ಲ'. ಸಹಿ ಎಂದರು, ಸಹಿ ಮಾಡಿದೆ. ಸಿಕ್ಕಾ ಎಲ್ಲಿ, ಮೊಹರು ಬೇಕು ಎಂದರು. ಹೆಬ್ಬೆರಳು ಬಣ್ಣದಲ್ಲಿ ಅದ್ದಿ ಸಹಿಯ ಪಕ್ಕ ಒತ್ತಿದೆ. ಆಗ ಮೊದಲು ನಕ್ಕದ್ದು ಆ ಅಜ್ಜಿ, ಕೋಲು ಹಿಡಿದ ಕೈ ಅಲ್ಲಾಡುವಷ್ಟು ನಕ್ಕಳು. ಬಳಿಚಕ್ರದ ಅಣ್ಣ ಮಾತ್ರ ಬೇಜಾರಾಗಿ, "ಅಂದ್ರ ನೀರೂ ಇಲ್ಲೇನ್ರಿ?" ಎಂದ. ತಮ್ಮ ಸಮಾಧಾನ ಮಾಡಿದ, "ಹೋಗ್ಲಿ ಬಿಡಣ್ಣ, ಬಂದದ್ದು ಬಂದೀವಿ, ಏನಿಟ್ಟಾರ ನೋಡೂಣು." ನಾನು ಹುಡುಗಿಯ ಮುಖ ನೋಡದೆಯೇ ಬಾಗಿಲು ತಳ್ಳಿದೆ.

ಜನ ಒಳಗೆ ಬಂದು ಗೆರೆಗಳ ಅಂಚಿಗೆ ನಿಂತರು. ಯಾರೂ ಒಳಗೆ ಕಾಲಿಡಲಿಲ್ಲ. ಹೊಸ ಮನೆಯ ಪಾಯ ಎಂದು ಕೆಲವರು ಅಂದುಕೊಂಡರು. ಸಗರದ ರೈತ, "ಇದೇನು, ಮನಿ ಕಟ್ಟಾಕ ರೊಕ್ಕ ಸಾಲಲಿಲ್ಲೇನು ಪಾಪ?" ಎಂದರು. ನಗೆ ಎದ್ದಿತು. ಕಲಾವಿದೆ ಗಟ್ಟಿ ಮನಸ್ಸು ಮಾಡಿ ಮುಂದೆ ಬಂದು, ಇದು ಮುಳುಗಿದ ಊರಿನ ಮನೆ, ನಮ್ಮವ್ವನ ತವರು ಎಂದು ಊರಿನ ಹೆಸರು ಹೇಳಿದಳು. ಅಜ್ಜಿ ಹಿಂದಿನಿಂದ ಜನರನ್ನು ಕೋಲಿನಿಂದ ಸರಿಸುತ್ತ ಬಂದಳು.

"ಯಾರ ಮನ್ಯಾಕಿ ಮಗಳವ್ವಾ ನೀ?"

ಹುಡುಗಿ ತಾತನ ಹೆಸರು ಹೇಳಿದಳು.

"ಅವರ ಮನಿ ಇದು?" ಅಜ್ಜಿ ನೆಲ ನೋಡಿದಳು, ಹುಡುಗಿಯ ಮುಖ ನೋಡಿದಳು, ಮತ್ತೆ ನೆಲ ನೋಡಿದಳು. "ಯವ್ವಾ, ಉಲ್ಟಾ ಹಾಕೀರಲ್ಲ! ಅವರ ಬಾಗಲಾ ಮೂಡಲಕ್ಕಿತ್ತು. ಇದು ಹಿತ್ತಲ. ನಾ ಬಾಜೂ ಮನ್ಯಾಕಿ, ನನಗ ಗೊತ್ತಿಲ್ಲೇನು? ನಿಮ್ಮವ್ವ ಗೇಣುದ್ದ ಹುಡುಗಿ, ನಮ್ಮ ಮನ್ಯಾಗಿನ ಶೇಂಗಾ ಉಂಡಿ ಸಲುವಾಗಿ ಯಾವಾಗ್ಲೂ ಹಿತ್ತಲ ಬಾಗಲದಾಗ ಓಡಾಡತಿದ್ಲು. ಆಕಿಗೆ ಅದ ತಲಬಾಗಲಾ!"

ನಾನು ಹುಡುಗಿಯನ್ನೇ ನೋಡುತ್ತಿದ್ದೆ. ಆರು ತಿಂಗಳು ಅಳತೆ ಹಾಕಿ, ಹತ್ತು ಸಲ ನಕ್ಷೆ ಬರೆದು, ಕೊನೆಗೆ ಮನೆ ಬೆನ್ನು ಮಾಡಿ ಕೂತಿತ್ತು. ನಾಲ್ಕಕ್ಕೆ ಸಾಹೇಬರು ಬೇರೆ ಬರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬಿಟ್ಟು, ಜನರನ್ನು ಕಳಿಸಿ, ಗೋದಾಮು ಸಾಫ್ ಮಾಡಿಟ್ಟರೆ ಬೀಗವಾದರೂ ತಪ್ಪುತ್ತದೆ ಎಂದು ನನಗೆ ಅನ್ನಿಸಿತು. ಅವಳು ಒಮ್ಮೆಲೇ ನಕ್ಕಳು. ಕಣ್ಣೀರು ಬರುವಷ್ಟು ನಕ್ಕು ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. "ಶೇಂಗಾ ಉಂಡಿ ಸಲುವಾಗೇನಬೇ?"

ಆಮೇಲೆ ನನ್ನ ಕಡೆ ತಿರುಗಿದಳು. "ಕಾಕಾ, ಕುಂಚ ತಗೋರಿ. ಆಯಿ ಹೇಳಿದಂಗ ಬರೀರಿ."

"ನಾಲ್ಕಕ್ಕ ಸಾಹೇಬ್ರು..."

"ಬರೀರಿ ಕಾಕಾ."

ಜಾಲಿ ಅಂಟು ಹಾಕಿದ ಸುಣ್ಣ ಅಳಿಸುವುದು ಸುಲಭವಲ್ಲ. ನೆಲ ನೆನೆಸಿ, ತಂತಿ ಬ್ರಷ್ಷಿನಿಂದ ಕೆರೆದು, ಒದ್ದೆ ಗೋಣಿಚೀಲದಿಂದ ಉಜ್ಜಬೇಕು. ಬಳಿಚಕ್ರದ ಅಣ್ಣತಮ್ಮಂದಿರು ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ಹಾಕಿ ಉಜ್ಜಲು ಕೂತರು. "ಕಾಲಿವಿ ಇಲ್ಲದಿದ್ರ ಏನಾತು, ಇಲ್ಲೇ ನೀರು ಹರಸೂಣು," ಎಂದು ತಮ್ಮ ಕೊಡಗಟ್ಟಲೆ ನೀರು ಸುರಿದ. ನ್ಯಾಯವಾಗಿ ಅಳಿಸಬೇಕಾದ್ದು ಒಂದು ಬದಿ, ಇವರು ಅಡುಗೆಮನೆಯನ್ನೂ ತೊಳೆದುಬಿಟ್ಟರು. ಮತ್ತೆ ದಾರ, ಮತ್ತೆ ನೀಲಿ, ಮತ್ತೆ ಸುಣ್ಣ. ಪಶ್ಚಿಮದ ನಡುವಿನ ಖಾಲಿ ಜಾಗ ಮುಚ್ಚಿ ಹಿತ್ತಲ ಬಾಗಿಲು ಮೂಲೆಗೆ, ಪೂರ್ವಕ್ಕೆ ತಲೆಬಾಗಿಲು, ಅದರ ಎರಡೂ ಬದಿ ಕಟ್ಟೆ, ಪಡಸಾಲೆಯ ಮೂಲೆಯಲ್ಲಿ ಬೀಸುಕಲ್ಲು, ಅಂಗಳದ ನೆಲದೊಳಗೆ ಜೋಳ ಇಡುವ ಹಗೇವು. ಹಗೇವಿನ ಬಾಯಿ ಎಷ್ಟಿತ್ತು ಎಂದು ಕೇಳಿದರೆ ಅಜ್ಜಿ ಕೈ ಚಾಚಿ ಗುಂಡಗೆ ತೋರಿಸಿದಳು. ಅವಳ ಕೈಯ ಸುತ್ತಲೇ ಗೆರೆ ಎಳೆದೆ.

"ಈಗ ನಮ್ಮ ಮನಿ ಹಾಕು," ಎಂದಳು ಅಜ್ಜಿ.

"ನಿಮ್ಮದ್ಯಾಕಜ್ಜಿ?"

"ಬಾಜೂ ಮನಿ ಇಲ್ಲದ ಇವರ ಮನಿ ಒಂದ ಅಡವ್ಯಾಗ ನಿಂತಿತ್ತೇನು?"

ಅವಳ ಮನೆ ಹಾಕಿದೆ. ಹೊಸೂರಿನ ಟ್ರ್ಯಾಕ್ಟರಿನಲ್ಲಿ ಬಂದ ಬಿಳಿ ಮೀಸೆಯ ಯಜಮಾನರೊಬ್ಬರು, ಹಾಗಾದರೆ ಎದುರು ಮನೆ ನಮ್ಮದು ಎಂದರು. ಎರಡು ಮನೆಗಳ ನಡುವೆ ಓಣಿ ಎಷ್ಟು ಅಗಲ ಎಂಬುದಕ್ಕೆ ಜಗಳ ಹತ್ತಿತು. ಎತ್ತಿನ ಬಂಡಿ ಹೋಗುತ್ತಿತ್ತು ಎಂದರು ಒಬ್ಬರು. ಹೋಗುತ್ತಿತ್ತು, ಆದರೆ ತಿರುಗುತ್ತಿರಲಿಲ್ಲ ಎಂದರು ಇನ್ನೊಬ್ಬರು. ಯಜಮಾನರು ತಮ್ಮ ಗೋಡೆಯನ್ನು ತಾವೇ ಹೆಜ್ಜೆ ಹಾಕಿ ಅಳೆದು, ಇಲ್ಲಿ ಎಳೆ ಎಂದು ತೋರಿಸಿದರು. ಅಜ್ಜಿ ಕೋಲು ಅಡ್ಡ ಹಿಡಿದಳು.

"ಏ ಭಾವಾ! ಆವಾಗ ಒಂದು ಗೇಣು ನುಂಗಿದ್ರಿ. ಈಗ ಸುಣ್ಣದಾಗೂ ನುಂಗ್ತೀರೇನು?"

"ನುಂಗಿದ್ದು ಹೊಳಿ ನುಂಗ್ಯಾಳ. ನನ್ನ ಮ್ಯಾಲ ಯಾಕ ಹಾಕ್ತಿ?" ಎಂದು ಯಜಮಾನರು ಮೀಸೆಯಡಿ ನಕ್ಕು, ಒಂದು ಗೇಣು ಹಿಂದೆ ಸರಿದರು. ಜನ ಚಪ್ಪಾಳೆ ಹೊಡೆದರು. ನಾನು ಮಂಡಿಯೂರಿ ಬರೆಯುತ್ತಲೇ ಇದ್ದೆ. ಬೆನ್ನು ಹಿಡಿದಿತ್ತು, ಬೆರಳು ಸುಣ್ಣ ತಿಂದು ಉರಿಯುತ್ತಿತ್ತು, ಆದರೂ ಅಂಥ ಖುಷಿ ನನಗೆ ಕುಂಚ ಹಿಡಿದ ಮೂವತ್ತು ವರ್ಷದಲ್ಲಿ ಆಗಿರಲಿಲ್ಲ. ಒಂದೊಂದು ಗೆರೆಗೂ ಹತ್ತು ಜನ ಒಡೆಯರು! ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಒಬ್ಬರ ಅಡುಗೆಮನೆಯಿಂದ ಇನ್ನೊಬ್ಬರ ಅಡುಗೆಮನೆಗೆ ಕೂಗಿ ಮಾತಾಡಿದರು. ಸಗರದ ರೈತರಿಗೆ ಆ ಊರು ಗೊತ್ತೇ ಇಲ್ಲ. ಆದರೂ ಪಹಣಿಯ ಚೀಲ ಮಗ್ಗುಲಿಗಿಟ್ಟು ಕಟ್ಟೆಯ ಗೆರೆಯೊಳಗೆ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟರು. ಹುಡುಗಿ ಎಲ್ಲರ ನಡುವೆ ಓಡಾಡುತ್ತ, ಯಾರು ಏನು ಹೇಳಿದರೂ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಳು. ಅವಳ ಗಲ್ಲದ ಮೇಲೂ ಸುಣ್ಣ.

ನಾಲ್ಕಕ್ಕೆ ಸರಿಯಾಗಿ ಹೊರಗೆ ಜೀಪು ನಿಂತ ಸದ್ದಾಯಿತು. ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಚೌಕಿದಾರ ಬೀಗ ಹಿಡಿದು ಎದ್ದ. ಸಾಹೇಬರು ಪಶ್ಚಿಮದ ದೊಡ್ಡ ಬಾಗಿಲಲ್ಲಿ ನಿಂತು ಒಳಗಿನ ಜನ ನೋಡಿದರು, ಒದ್ದೆ ನೆಲ ನೋಡಿದರು, ಬಾಗಿಲ ಮೇಲಿನ ನನ್ನ ಕೆಂಪು ಹೆಬ್ಬೆಟ್ಟನ್ನೂ ನೋಡಿದರು. ಮುಖ ಗಂಟಿಕ್ಕಿತ್ತು. "ಏನ್ರಿ ಇದು ಗದ್ದಲ?" ಎನ್ನುತ್ತ ನಿನ್ನೆ ಬಂದ ದಾರಿಯಲ್ಲೇ, ಬೂಟುಗಾಲಿನಲ್ಲಿ, ನೇರ ಒಳಗೆ ನಡೆದರು.

"ಯಪ್ಪಾ!" ಅಜ್ಜಿಯ ಕೂಗು ತಗಡಿಗೆ ತಾಗಿತು. "ಗ್ವಾಡಿ ಮ್ಯಾಲ ಬರಾಕತ್ತೀಯಲ್ಲೋ!"

ಸಾಹೇಬರ ಎತ್ತಿದ ಕಾಲು ಅಲ್ಲೇ ನಿಂತಿತು. ಕೆಳಗೆ ನೋಡಿದರು. ನಿನ್ನೆ ಖಾಲಿ ಇದ್ದ ಜಾಗದಲ್ಲಿ ಇನ್ನೂ ಒಣಗದ ಬಿಳಿ ಗೆರೆ. ಕಾಲು ಹಿಂದೆ ತೆಗೆದರು.

"ಅದು ಹಿತ್ತಲ ಗ್ವಾಡಿ," ಎಂದಳು ಅಜ್ಜಿ, ಈಗ ಮೆತ್ತಗೆ. "ಬಾಗಲಾ ಆ ಕಡಿ ಐತಿ. ಓಣಿ ಹಿಡದು ಸುತ್ತಿ ಬಾ."

ಸಾಹೇಬರು ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. ಬೂಟು ಬಿಚ್ಚಿದರು. ಬಿಳಿ ಮೀಸೆಯ ಯಜಮಾನರು ತಮ್ಮ ಮನೆಯ ಕಟ್ಟೆಯಿಂದ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಓಣಿ ಹಿಡಿದು, ಅಜ್ಜಿಯ ಮನೆ ದಾಟಿ, ಮೂಡಲ ಕಡೆಗೆ ತಿರುಗಿ, ಅವರು ತಲೆಬಾಗಿಲ ಮುಂದೆ ಬಂದು ನಿಂತರು. ಎರಡು ಗೆರೆಗಳ ನಡುವೆ ಮೂರಡಿ ಖಾಲಿ ಜಾಗ.

"ಬಾ ಯಪ್ಪಾ, ಒಳಗ ಬಾ," ಎಂದಳು ಅಜ್ಜಿ. "ಹುಷಾರ್, ಚೌಕಟ್ಟು ತೆಳಗೈತಿ."

ಸಾಹೇಬರು ಆ ಆರಡಿ ದೇಹವನ್ನು ಬಗ್ಗಿಸಿ, ತಲೆ ತಗ್ಗಿಸಿ ಒಳಗೆ ಬಂದರು. ಅವರ ಹಿಂದೆ ಬಂದ ಚೌಕಿದಾರ ಬೀಗವನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿ ಬಿಟ್ಟು, ತಾನೂ ಬಗ್ಗಿದ.